ಮಕ್ಕಳ ಕಲೆ, ಮನೆಯ ಕಾಯಕ



ಸಂಸಾರವನ್ನು ತೊರೆದು ಅರಣ್ಯಕ್ಕೆ ಹೋದರೆ ಮಾತ್ರ ಶಿವನು ದೊರೆಯುವನೆಂದು ಶರಣರು ಹೇಳಲಿಲ್ಲ. ಗಂಡಹೆಂಡಿರು ಕೂಡಿ, ಮಕ್ಕಳುಮರಿಗಳೊಡನೆ, ಹೊಲ ಮಗ್ಗ ಅಂಗಡಿಗಳ ನಡುವೆಯೇ ಶಿವನನ್ನು ಕಾಣಬಹುದೆಂದು ತೋರಿಸಿಕೊಟ್ಟುದು ಅವರು ಲೋಕಕ್ಕೆ ಮಾಡಿದ ಮಹೋಪಕಾರ. ಆದುದರಿಂದ ಲಿಂಗವಂತನಿಗೆ ಮನೆಯೇ ಮೊದಲನೆಯ ಮಠ. ಆ ಮಠದ ಅತ್ಯಂತ ಕಠಿಣವಾದ ಪರೀಕ್ಷೆಯ ಕಾಲವು ಮಕ್ಕಳಿಗೆ 13 ವರ್ಷ ತುಂಬಿ 19ನ್ನು ಮುಟ್ಟುವವರೆಗಿನದು. ಈ ವಯಸ್ಸಿನಲ್ಲಿ ಮಗುವು ಮಗುವೂ ಅಲ್ಲ, ದೊಡ್ಡವನೂ ಅಲ್ಲ. ಒಳಗಿರುವ ಶಕ್ತಿಯು ಹೊರಗೆ ಬರಲು ದಾರಿಯನ್ನು ಹುಡುಕುತ್ತಿರುತ್ತದೆ. ಆ ದಾರಿಯನ್ನು ತಾಯಿತಂದೆಗಳು ತೆರೆಯುವರೋ ಮುಚ್ಚುವರೋ ಎಂಬುದರ ಮೇಲೆ ಮುಂದಿನ ಜೀವನವೆಲ್ಲ ನಿಂತಿದೆ.

ರೋಣ, ನರಗುಂದ, ಗಜೇಂದ್ರಗಡಗಳ ನಮ್ಮ ಸೀಮೆಯ ಯಾವುದಾದರೊಂದು ಮನೆಯನ್ನು ನೋಡಿರಿ. ಬೆಳಗಿನ ಜಾವ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ; ಜಗಲಿಯ ಮೇಲೆ ಹಿರಿಯರ ಲಿಂಗಪೂಜೆ. ಅಟ್ಟದ ಮೇಲೆ ಒಬ್ಬ ಮಗನು ಷಡ್ಜವನ್ನು ಹಿಡಿದು ಕುಳಿತಿದ್ದಾನೆ. ಮಗಳು ಹೈಸ್ಕೂಲಿನ ಬಯಲಿನಲ್ಲಿ ಓಡಿ ಬೆವರಿನಿಂದ ತೊಯ್ದು ಈಗ ಬಂದಿದ್ದಾಳೆ. ಕಿರಿಯವನು ಗಣಿತದ ವಹಿಯ ಹಿಂದಿನ ಹಾಳೆಗಳ ಮೇಲೆ ಎತ್ತು, ಬಂಡಿ, ಕೋಟೆಯ ಗುಡ್ಡಗಳ ಚಿತ್ರ ಬರೆಯುತ್ತಿದ್ದಾನೆ. ನೋಡುವವರ ಕಣ್ಣಿಗೆ ಇದು ಭಾಗ್ಯವಂತರ ಮನೆ. ಆದರೆ ಆ ಮನೆಯ ಯಜಮಾನನ ಮುಖದಲ್ಲಿ ಚಿಂತೆ. “ತಮ್ಮಾ, ಹಾಡಿದರ ಹೊಟ್ಟಿ ತುಂಬತೈತೇನು?” ಎಂದು ಮಗನಿಗೆ ಕೇಳುತ್ತಾನೆ. “ತಂಗಿ, ದೊಡ್ಡಾಕಿ ಆದಿ, ಇನ್ನ ಬಯಲಾಗ ಓಡೋದು ಸಾಕವ್ವಾ” ಎಂದು ಅಜ್ಜಿಯು ಮೊಮ್ಮಗಳಿಗೆ ಹೇಳುತ್ತಾಳೆ. ಚಿತ್ರದ ವಹಿಯು ಒಮ್ಮೊಮ್ಮೆ ಒಲೆಯನ್ನೂ ಸೇರುತ್ತದೆ.

ಇದು ಒಂದು ಬಗೆಯ ತಪ್ಪು. ಇದಕ್ಕೆ ವಿರುದ್ಧವಾದ ಇನ್ನೊಂದು ತಪ್ಪೂ ಈಚೆಗೆ ಬೆಳೆದಿದೆ. ಮಗುವಿನ ಕಂಠ ಚೆನ್ನಾಗಿದೆಯೆಂದು ತಿಳಿದ ಕೂಡಲೆ ದೂರದರ್ಶನ ವಾಹಿನಿಗಳ ಸ್ಪರ್ಧೆಗೆ ಎಳೆದೊಯ್ಯುವುದು, ಬಹುಮಾನ ಬಂದರೆ ಊರೆಲ್ಲ ಮೆರೆಸುವುದು, ಬಾರದಿದ್ದರೆ ಮನೆಯಲ್ಲಿ ಮುಖ ತಿರುಗಿಸುವುದು. ಮೊದಲನೆಯವರು ಮಗುವಿನ ಕಲೆಯನ್ನು ತುಳಿಯುತ್ತಾರೆ, ಎರಡನೆಯವರು ಮಾರುತ್ತಾರೆ. ಇಬ್ಬರೂ ಅದನ್ನು ತಮ್ಮ ಸ್ವತ್ತೆಂದು ಭಾವಿಸಿದ್ದಾರೆ. ಶರಣಮಾರ್ಗವಾದರೋ ಅದು ತಾಯಿತಂದೆಗಳ ಸ್ವತ್ತೂ ಅಲ್ಲ, ಮಗುವಿನ ಸ್ವತ್ತೂ ಅಲ್ಲ, ಶಿವನ ಪ್ರಸಾದವೆಂದು ಹೇಳುತ್ತದೆ. ಪ್ರಸಾದವನ್ನು ಎಸೆಯಲೂ ಬಾರದು, ಮಾರಲೂ ಬಾರದು, ಸ್ವೀಕರಿಸಿ ಹಂಚತಕ್ಕುದು. ಈ ಒಂದು ಮಾತನ್ನೇ ಇಂದು ವಿಚಾರಿಸೋಣ.

ನಮ್ಮ ರೋಣದ ಮಣ್ಣಿನಲ್ಲಿಯೇ ಇದಕ್ಕೊಂದು ದೃಷ್ಟಾಂತವಿದೆ. 1922ನೆಯ ಇಸವಿ ಫೆಬ್ರುವರಿ 4ರಂದು ಇಲ್ಲಿ ಜನಿಸಿದ ಭೀಮಸೇನ ಜೋಶಿಯವರ ಹೆಸರನ್ನು ಕೇಳದವರಿಲ್ಲ. ತಂದೆ ಗುರುರಾಜ ಜೋಶಿಯವರು ಶಾಲಾಮಾಸ್ತರರು. ಬಾಲಕನಿಗೆ ನಾದದ ಹುಚ್ಚು. ಬೀದಿಯಲ್ಲಿ ಭಜನೆಯ ಮೇಳವೋ ವಾದ್ಯದ ಮೆರವಣಿಗೆಯೋ ಹೋದರೆ ಅದರ ಬೆನ್ನು ಹತ್ತಿ ಹೋಗಿಬಿಡುವನು; ದಣಿದಲ್ಲಿಯೇ ಮಲಗಿ ನಿದ್ರಿಸುವನು. ಮನೆಯವರು ಊರೆಲ್ಲ ಹುಡುಕಬೇಕು. ಕೊನೆಗೆ ತಂದೆಯು ಮಗನ ಅಂಗಿಯ ಮೇಲೆ, ಇವನು ಜೋಶಿ ಮಾಸ್ತರರ ಮಗನೆಂದು ಬರೆದು ಬಿಟ್ಟರಂತೆ. ಅಂದಿನಿಂದ ಕಂಡವರು ಹುಡುಗನನ್ನು ಮನೆಗೆ ತಂದು ಮುಟ್ಟಿಸತೊಡಗಿದರೆಂದು ಹೇಳುತ್ತಾರೆ.

ಈ ಕಥೆಯನ್ನು ಕೇಳಿ ನಾವು ನಕ್ಕು ಸುಮ್ಮನಾಗುತ್ತೇವೆ. ಆದರೆ ಅದರಲ್ಲಿ ಗೃಹಸ್ಥಧರ್ಮದ ಒಂದು ದೊಡ್ಡ ಪಾಠವಿದೆ. ಮಗನ ಕಾಲಿಗೆ ಹಗ್ಗ ಕಟ್ಟುವುದು ಸುಲಭವಾಗಿತ್ತು. ಆ ತಂದೆಯು ಕಟ್ಟಲಿಲ್ಲ. ಹೋದರೆ ಹೋಗಲಿ ಎಂದು ಕೈ ಬಿಡುವುದೂ ಸುಲಭವಾಗಿತ್ತು; ಅದನ್ನೂ ಮಾಡಲಿಲ್ಲ. ನಾದದ ಹಿಂದೆ ಹೋಗುವ ಮಗನಿಗೆ ಮನೆಯ ಗುರುತನ್ನು ಕೊಟ್ಟು ಕಳಿಸಿದರು. ಮುಂದೆ 1933ರಲ್ಲಿ 11 ವರ್ಷದ ಆ ಬಾಲಕನು ಗುರುವನ್ನು ಅರಸುತ್ತ ಮನೆಯನ್ನೇ ಬಿಟ್ಟು ಹೊರಟನು; ಗ್ವಾಲಿಯರ್ ಮೊದಲಾದ ಉತ್ತರದ ಊರುಗಳನ್ನು ಅಲೆದು ಜಲಂಧರದವರೆಗೂ ಹೋದನು. ಅಲ್ಲಿಂದ ತಂದೆಯೇ ಮರಳಿ ಕರೆತಂದರು. ಮನೆಯ ಬಾಗಿಲು ಮುಚ್ಚಲಿಲ್ಲ. 1936ರಲ್ಲಿ ಕುಂದಗೋಳದ ರಾಮಭಾವು ಅವರು, ಎಂದರೆ ಸವಾಯಿ ಗಂಧರ್ವರು, ಶಿಷ್ಯನನ್ನಾಗಿ ಸ್ವೀಕರಿಸಿದರು. ಉತ್ತರದಲ್ಲೆಲ್ಲ ಹುಡುಕಿದ ಗುರುವು ಮನೆಗೆ ಸಮೀಪದಲ್ಲಿಯೇ ದೊರೆತನು. ಭಾರತರತ್ನವೆಂಬ ಗೌರವವು ಬಂದುದು ಎಷ್ಟೋ ದಶಕಗಳ ತರುವಾಯ. ಎಲ್ಲ ಮಕ್ಕಳೂ ಮನೆ ಬಿಟ್ಟು ಹೋಗಲಿ ಎಂಬುದು ಇದರ ತಾತ್ಪರ್ಯವಲ್ಲ. ಎಷ್ಟು ದೂರ ಹೋದರೂ ತಾನು ಯಾರ ಮನೆಯವನೆಂಬುದು ಮಗುವಿಗೆ ತಿಳಿದಿರಬೇಕು, ಮರಳಿ ಬಂದಾಗ ಬಾಗಿಲು ತೆರೆದಿರಬೇಕು ಎಂಬುದೇ ತಾತ್ಪರ್ಯ.

ಅಣ್ಣ ಬಸವಣ್ಣನವರ ಒಂದು ಪ್ರಸಿದ್ಧ ವಚನದ ಭಾವವು ಇದೇ ಅಲ್ಲವೇ? ಎದುರಿಗೆ ಬಂದವನನ್ನು ಪರಕೀಯನೆಂದು ಶೋಧಿಸುವ ಬುದ್ಧಿ ಬೇಡ, ತನ್ನ ಬಳಗವೆಂದು ಅಪ್ಪಿಕೊಳ್ಳುವ ಬುದ್ಧಿ ಬೇಕು. ತನ್ನನ್ನೂ ದೇವನ ಮನೆಯ ಕುಡಿಯೆಂದು ಎಣಿಸಿಕೊಳ್ಳಬೇಕು ಎಂದು ಅಲ್ಲಿ ಅವರು ಬೇಡುತ್ತಾರೆ. ಆ ವಚನವನ್ನು ನಾವು ಸಭೆಗಳಲ್ಲಿ ಹಾಡುತ್ತೇವೆ. ಆದರೆ ನಮ್ಮದೇ ಮಗನು ನಾವೆಣಿಸಿದ ದಾರಿಯನ್ನು ಬಿಟ್ಟು ಬೇರೊಂದು ದಾರಿಯಲ್ಲಿ ಹೆಜ್ಜೆ ಇಟ್ಟಾಗ, ಇವನು ಯಾರಿಗೆ ಹುಟ್ಟಿದವನೋ ಎಂದು ಬೈಯುತ್ತೇವೆ. ಪರರನ್ನು ನಮ್ಮವರೆಂದು ಕರೆಯುವ ಮೊದಲು ನಮ್ಮವರನ್ನು ಪರರನ್ನಾಗಿ ಮಾಡದಿರುವ ವ್ರತವನ್ನು ನಾವು ಹಿಡಿಯಬೇಕಾಗಿದೆ. ನಮ್ಮ ಮಕ್ಕಳ ಎದೆಯ ಮೇಲೆ ಗುರುವು ಕರುಣಿಸಿದ ಇಷ್ಟಲಿಂಗವಿದೆ. ಅದಕ್ಕಿಂತ ದೊಡ್ಡ ಮನೆಯ ಗುರುತು ಯಾವುದಿದೆ?

ಇನ್ನು ಕೆಲವರು ವಚನವನ್ನೇ ಹಿಡಿದು ವಾದಿಸುವುದುಂಟು. ಶಿವನು ನಾದಕ್ಕೆ ಒಲಿಯುವವನಲ್ಲವೆಂದು ಬಸವಣ್ಣನವರೇ ಹೇಳಿಲ್ಲವೇ, ಗಾನಮಾಡಿದ ರಾವಣನ ಗತಿ ಏನಾಯಿತು ಎಂದು ಅವರು ಕೇಳುತ್ತಾರೆ. ನಿಜ. ಆದರೆ ಆ ವಚನವನ್ನು ಪೂರ್ತಿಯಾಗಿ ಓದಬೇಕು. ನಾದದ ಮಾತು ಮುಗಿದ ಕೂಡಲೆ ಅವರು ವೇದದ ಮಾತನ್ನು ತೆಗೆಯುತ್ತಾರೆ. ಓದಿದ ಬ್ರಹ್ಮನೂ ತನ್ನ ತಲೆಯನ್ನು ಉಳಿಸಿಕೊಳ್ಳಲಿಲ್ಲವೆಂದು ನೆನಪಿಸುತ್ತಾರೆ. ಹಾಡಿಕೆಯು ಶಿವನನ್ನು ಒಲಿಸದೆಂದು ಮಗನ ತಂಬೂರಿಯನ್ನು ಕಸಿದುಕೊಳ್ಳುವ ತಂದೆಯು, ಓದು ಕೂಡ ಶಿವನನ್ನು ಒಲಿಸದೆಂಬುದನ್ನು ಕೇಳಿಯೂ ಕೇಳದಂತಿರುತ್ತಾನೆ. ಎಸ್.ಎಸ್.ಎಲ್.ಸಿ.ಯ ಅಂಕ, ಪಿ.ಯು.ಸಿ.ಯ ಅಂಕ, ನೀಟ್ ಪರೀಕ್ಷೆಯ ಅಂಕಗಳೇ ಇಂದಿನ ಮನೆಗಳಿಗೆ ವೇದವಾಗಿವೆ. ಶಿವನಿಗೆ ಬೇಕಾದುದು ಭಕ್ತಿ. ಭಕ್ತಿಯಿಲ್ಲದ ಗಾನವು ಅಹಂಕಾರ. ಭಕ್ತಿಯಿಲ್ಲದ ಓದೂ ಅಹಂಕಾರ. ಭಕ್ತಿಯಿದ್ದರೆ ಎರಡೂ ಪೂಜೆಯೇ. ತನ್ನ ಕಾಯವನ್ನೇ ವೀಣೆಯಾಗಿ ಮಾಡಿ, ಎದೆಗೊತ್ತಿಕೊಂಡು ನುಡಿಸೆಂದು ದೇವನನ್ನು ಪ್ರಾರ್ಥಿಸಿದವರೂ ಅದೇ ಬಸವಣ್ಣನವರು ಎಂಬುದನ್ನು ಮರೆಯಲಾಗದು.

ಷಟ್‌ಸ್ಥಲ ಶಾಸ್ತ್ರವು ಈ ವಿಷಯವನ್ನು ಇನ್ನೂ ಸೂಕ್ಷ್ಮವಾಗಿ ತಿಳಿಸುತ್ತದೆ. ಘ್ರಾಣದಲ್ಲಿ ಆಚಾರಲಿಂಗ, ಜಿಹ್ವೆಯಲ್ಲಿ ಗುರುಲಿಂಗ, ನೇತ್ರದಲ್ಲಿ ಶಿವಲಿಂಗ, ತ್ವಕ್ಕಿನಲ್ಲಿ ಜಂಗಮಲಿಂಗ, ಶ್ರೋತ್ರದಲ್ಲಿ ಪ್ರಸಾದಲಿಂಗ, ಹೃದಯದಲ್ಲಿ ಮಹಾಲಿಂಗ. ಇಂದ್ರಿಯಗಳು ಶತ್ರುಗಳೆಂದು ಅವುಗಳನ್ನು ಕೊಲ್ಲುವುದು ನಮ್ಮ ಮಾರ್ಗವಲ್ಲ. ಅವುಗಳ ವಿಷಯಗಳನ್ನು ಲಿಂಗಕ್ಕೆ ಅರ್ಪಿಸಿ ಪ್ರಸಾದವಾಗಿ ಪಡೆಯುವುದು ನಮ್ಮ ಮಾರ್ಗ. ಹೀಗಿರಲು ಹಾಡುವ ಮಗನ ಶಬ್ದವು ಶ್ರೋತ್ರದ ಪ್ರಸಾದಲಿಂಗಕ್ಕೆ ಸಲ್ಲತಕ್ಕುದು. ಚಿತ್ರ ಬರೆಯುವವನ ರೂಪವು ನೇತ್ರದ ಶಿವಲಿಂಗಕ್ಕೆ ಸಲ್ಲತಕ್ಕುದು. ಗಾಳಿಯನ್ನು ಸೀಳಿ ಓಡುವ ಮಗಳ ಸ್ಪರ್ಶವು ತ್ವಕ್ಕಿನ ಜಂಗಮಲಿಂಗಕ್ಕೆ ಸಲ್ಲತಕ್ಕುದು. ವಾಯುತತ್ತ್ವವು ಆ ಲಿಂಗದ್ದೇ. ಒಂದೇ ಮನೆಯ ಮೂರು ಮಕ್ಕಳು ಮೂರು ಬಾಗಿಲುಗಳಿಂದ ಒಂದೇ ಗರ್ಭಗುಡಿಯನ್ನು ಪ್ರವೇಶಿಸುತ್ತಿದ್ದಾರೆ. ಅವರಲ್ಲಿ ಒಬ್ಬರನ್ನು ಇನ್ನೊಬ್ಬರೊಡನೆ ಹೋಲಿಸಿ ಹಳಿಯುವುದು ಅಜ್ಞಾನ. ಎರೆಭೂಮಿಯ ಒಕ್ಕಲಿಗನಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಿಂಗಾರಿಯಲ್ಲಿ ಬಿಳಿಜೋಳವನ್ನೂ ಕಡಲೆಯನ್ನೂ ಬಿತ್ತುವ ಆತನು, ಕಡಲೆಯು ಜೋಳದಷ್ಟು ಎತ್ತರಕ್ಕೆ ಬೆಳೆಯಲಿಲ್ಲವೆಂದು ಅದನ್ನು ಕಿತ್ತೆಸೆಯುವುದಿಲ್ಲ.

ಆದರೆ ಹುಟ್ಟಿನಿಂದ ಬಂದ ಶಕ್ತಿಯೊಂದೇ ಕಾಯಕವಾಗಲಾರದು. ಅದಕ್ಕೆ ಮೂರು ಸಂಸ್ಕಾರಗಳು ಬೇಕು: ಗುರು, ನಿಯಮ, ದಾಸೋಹ. ಈ ಮೂರೂ ಕೂಡಿದರೆ ಏನಾಗುವುದೆಂಬುದನ್ನು ನೋಡಲು ನಾವು ಗದಗಿನ ವೀರೇಶ್ವರ ಪುಣ್ಯಾಶ್ರಮದ ಕಡೆಗೆ ನೋಡಬೇಕು. 1892ರಲ್ಲಿ ಹಾನಗಲ್ಲ ಸೀಮೆಯ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟುಗುರುಡನಾಗಿ ಜನಿಸಿದ ಬಾಲಕನೊಬ್ಬನ ಕಂಠವನ್ನು ಹಾನಗಲ್ಲ ಕುಮಾರ ಶಿವಯೋಗಿಗಳು ಗುರುತಿಸಿದರು. 1909ರಲ್ಲಿ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರವನ್ನು ಸ್ಥಾಪಿಸಿದ ಮಹಾನುಭಾವರು ಅವರು. ಕಣ್ಣಿಲ್ಲದ ಈ ಮಗು ಹೊರೆಯೆಂದು ಅವರು ಭಾವಿಸಲಿಲ್ಲ. ಯೋಗ್ಯ ಗುರುಗಳಿಂದ ಸಂಗೀತವನ್ನು ಕಲಿಸಿದರು. ಆ ಬಾಲಕನೇ ಪಂಚಾಕ್ಷರಿ ಗವಾಯಿಗಳು. ತಮಗೆ ದೊರೆತುದನ್ನು ಅವರು ತಮ್ಮಲ್ಲಿಯೇ ಇಟ್ಟುಕೊಳ್ಳಲಿಲ್ಲ. ಅಂಧರನ್ನೂ ಅನಾಥರನ್ನೂ ಬಡವರನ್ನೂ ಕೂಡಿಸಿಕೊಂಡು ಅನ್ನ ಹಾಕಿ ವಿದ್ಯೆ ಕಲಿಸಿದರು. ಊರೂರು ಸಂಚರಿಸಿ ಭಿಕ್ಷೆ ಬೇಡಿ ಆ ಬಳಗವನ್ನು ಸಾಕಿದರು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಶಿಷ್ಯರಾದ ಪುಟ್ಟರಾಜ ಗವಾಯಿಗಳು 2010ರವರೆಗೆ ಆ ದಾಸೋಹವನ್ನು ನಡೆಸಿದರು. ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿಯಂಥ ಗಾಯಕರು ಪಂಚಾಕ್ಷರಿ ಗವಾಯಿಗಳ ಶಿಷ್ಯರು. ಮನ್ಸೂರಿನ ಮಲ್ಲಿಕಾರ್ಜುನರು ಬಾಲ್ಯದಲ್ಲಿಯೇ ನಾಟಕ ಕಂಪನಿಯನ್ನು ಸೇರಿದವರು. ಮುಂದೆ ವಚನಗಳನ್ನು ರಾಗಕ್ಕೆ ಅಳವಡಿಸಿ ಹಾಡಿ ಮನೆಮನೆಗೆ ಮುಟ್ಟಿಸಿದರು. ನಾಟಕಕ್ಕೆ ಸೇರಿದ ಹುಡುಗ ಕೆಟ್ಟನೆಂದು ಅಂದೇ ಅವನನ್ನು ಕೈ ಬಿಟ್ಟಿದ್ದರೆ ಇಂದು ನಮ್ಮ ಕಿವಿಗಳಿಗೆ ಎಷ್ಟು ನಷ್ಟವಾಗುತ್ತಿದ್ದಿತು!

ಗಜೇಂದ್ರಗಡದ ಮಗ್ಗದ ಮನೆಗಳಲ್ಲಿ ಬಣ್ಣದ ಕಣ್ಣು ಹುಟ್ಟಿನಿಂದಲೇ ಬರುತ್ತದೆ. ಅಲ್ಲಿ ನೇಯುವ ಪಟ್ಟೆದ ಅಂಚಿನ ಸೀರೆಯ ಅಂಚು ಒಡಲಿಗೆ ಒಪ್ಪುವಂತೆ ಬಣ್ಣವನ್ನು ಆರಿಸುವುದು ಸಾಮಾನ್ಯ ವಿದ್ಯೆಯಲ್ಲ. ಅಂಥ ಮನೆಯ ಹುಡುಗನು ಚಿತ್ರ ಬರೆದರೆ ಅದು ಕಾಲಹರಣವಲ್ಲ. ತಲೆಮಾರುಗಳ ಕಾಯಕವು ಅವನ ಬೆರಳಿನಲ್ಲಿ ಹೊಸ ಚಿಗುರೊಡೆದಿದೆ ಎಂದೇ ತಿಳಿಯಬೇಕು. ಆದ್ಯ ವಚನಕಾರರಲ್ಲಿ ಒಬ್ಬರಾದ ಜೇಡರ ದಾಸಿಮಯ್ಯನವರು ಮಗ್ಗದ ಮುಂದೆ ಕುಳಿತೇ ಶಿವನನ್ನು ಕಂಡರು. ನೂಲನ್ನೂ ನುಡಿಯನ್ನೂ ಅವರು ಒಂದೇ ಕೈಯಿಂದ ನೇಯ್ದರು.

ಇನ್ನು ಶರೀರಸಾಧನೆಯ ಮಾತು. ಗರಡಿಯಲ್ಲಿ ಸಾಮು ಮಾಡುವುದು, ಮಲ್ಲಕಂಬ ಏರುವುದು, ಜಾತ್ರೆಯ ಕುಸ್ತಿ, ಕಾರಹುಣ್ಣಿಮೆಗೆ ಸಂಗ್ರಾಣಿ ಕಲ್ಲು ಎತ್ತುವುದು ನಮ್ಮ ಕಡೆಯ ಪುರಾತನ ಸಂಪ್ರದಾಯ. ಖೋಖೋ, ಕಬಡ್ಡಿ, ಓಟ, ಸೈಕಲ್ ಸ್ಪರ್ಧೆಗಳು ಅದರ ಇಂದಿನ ರೂಪ. ಕಲ್ಲಿನ ಗುಡಿಯನ್ನು ಕಟ್ಟಲಾರದ ಬಡವನು ತನ್ನ ಶರೀರವನ್ನೇ ಶಿವಾಲಯವಾಗಿ ಅರ್ಪಿಸಬಹುದೆಂದು ಬಸವಣ್ಣನವರು ಸಾರಿದ್ದಾರೆ. ಗುಡಿಯನ್ನು ಗಟ್ಟಿಯಾಗಿಡುವುದು ಭಕ್ತನ ಧರ್ಮವಷ್ಟೆ? ಆ ಗುಡಿಯಲ್ಲಿ ಗುಟಕಾ ಉಗುಳುವುದು, ಮದ್ಯವನ್ನು ಸುರಿಯುವುದು, ಆಟದ ಹೆಸರಿನಲ್ಲಿ ಪಣಕಟ್ಟುವುದು ದೇವದ್ರೋಹ. ಬೆಳಗಿನ ಜಾವ ಬಯಲಿಗೆ ಹೋಗುವ ಹುಡುಗನು ಇಂಥವುಗಳಿಂದ ದೂರವಿರಲು ಕಾರಣವನ್ನು ಪಡೆದಿರುತ್ತಾನೆ. ಅದೊಂದಕ್ಕಾಗಿಯಾದರೂ ತಂದೆಯು ಸಂತೋಷಪಡಬೇಕು.

ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಮಗಳು ಋತುಮತಿಯಾದಳೆಂದು ಅವಳನ್ನು ಆಟದ ಬಯಲಿನಿಂದ ಮನೆಯೊಳಗೆ ಕರೆದುಕೊಳ್ಳುವ ಪದ್ಧತಿಯು ಲಿಂಗವಂತರ ಮನೆಗಳಲ್ಲಿಯೂ ಉಳಿದಿದೆ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳು ಲಿಂಗವಿದ್ದ ಅಂಗಕ್ಕೆ ಇಲ್ಲವೆಂದು ಶರಣರು ಸಾರಿದರು. ಲಿಂಗಪೂಜೆಗೇ ಅಡ್ಡಿಯಾಗದ ಋತುವು ಓಟಕ್ಕೆ ಅಡ್ಡಿಯಾಗುವುದೇ? ಸೂತಕವಿಲ್ಲವೆಂದು ಬಾಯಲ್ಲಿ ಹೇಳಿ ಮನೆಯಲ್ಲಿ ಸೂತಕವನ್ನು ನಡೆಸುವುದು ಆಚಾರವಲ್ಲ. ಮಗಳು ದಣಿದಾಗ, ನೋವಾದಾಗ ವಿಶ್ರಮಿಸಲಿ. ಅದನ್ನು ಅವಳೇ ನಿಶ್ಚಯಿಸಲಿ. ಊಟದ ವಿಷಯವೂ ಹೀಗೆಯೇ. ಮಗನ ತಾಟಿಗೆ ಮೊದಲು ತುಪ್ಪ, ಮಗಳ ತಾಟಿಗೆ ಉಳಿದದ್ದು ಎಂಬ ಭೇದವು ಕೆಲವು ಮನೆಗಳಲ್ಲಿ ಇನ್ನೂ ಇದೆ. ಪ್ರಸಾದದಲ್ಲಿ ಗಂಡುಹೆಣ್ಣೆಂಬ ಪಂಕ್ತಿಭೇದವಿಲ್ಲ. ಓಡುವ ಮಗಳಿಗೆ ಹಾಲು, ಶೇಂಗಾ, ಬೆಲ್ಲ, ಮೊಳಕೆಯೊಡೆದ ಹೆಸರುಕಾಳುಗಳನ್ನು ತಾಯಿಯು ಪ್ರೀತಿಯಿಂದ ಬಡಿಸುವುದೂ ದಾಸೋಹವೇ.

ಇಷ್ಟಾದರೂ ತಂದೆಯ ಮನಸ್ಸಿನ ಭಯವು ಹೋಗುವುದಿಲ್ಲ. ಹಾಡಿದವರೆಲ್ಲರೂ ಭೀಮಸೇನರಾಗುವರೇ, ಓಡಿದವರೆಲ್ಲರೂ ಪದಕ ತರುವರೇ ಎಂದು ಆತನು ಕೇಳುತ್ತಾನೆ. ಆ ಭಯವನ್ನು ಹಗುರವಾಗಿ ಕಾಣಬಾರದು. ಮಳೆಯನ್ನು ನಂಬಿದ ನಾಲ್ಕೆಕರೆ ಹೊಲ, ಮೇಲೆ ಸಾಲ ಇದ್ದವನಿಗೆ ಮಗನ ನೌಕರಿಯೇ ಆಧಾರ. ಆದುದರಿಂದ ಸ್ಪಷ್ಟವಾಗಿ ಹೇಳುವೆನು: ಎಲ್ಲರೂ ಆಗುವುದಿಲ್ಲ, ನೂರರಲ್ಲಿ ಒಬ್ಬರೂ ಆಗದೆ ಇರಬಹುದು. ಓದನ್ನು ಬಿಡಿಸಬೇಡಿರಿ, ಕೈಗೊಂದು ಉದ್ಯೋಗವನ್ನು ಕಲಿಸಿರಿ. ಮಗನು ಮಾಸ್ತರನಾಗಿಯೂ ಹಾಡಬಹುದು, ಒಕ್ಕಲುತನ ಮಾಡುತ್ತಲೂ ಭಜನೆಯ ಮೇಳವನ್ನು ನಡೆಸಬಹುದು. ಕಾಯಕದ ಅಳತೆಯು ಕೀರ್ತಿಯಲ್ಲ. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಹಿಗ್ಗಲಿಲ್ಲ; ಹೆಚ್ಚಾದುದನ್ನು ಮರಳಿ ಸುರಿದು ಬರಲು ಕಳಿಸಿದಳು. ಎಷ್ಟು ಬಂತು ಎಂಬುದಕ್ಕಿಂತ ಹೇಗೆ ಬಂತು, ಯಾಕೆ ಬಂತು ಎಂಬುದನ್ನು ವಿಚಾರಿಸಿದ ಮನೆ ಅದು. ಮಗನಿಗೆ ಎಷ್ಟನೆಯ ಸ್ಥಾನ ಬಂತೆಂದು ಕೇಳುವ ಮೊದಲು, ಇಂದು ಸತ್ಯಶುದ್ಧವಾಗಿ ಸಾಧನೆ ಮಾಡಿದೆಯಾ ಎಂದು ಕೇಳುವ ಮನೆಗಳು ನಮ್ಮಲ್ಲಿ ಹೆಚ್ಚಬೇಕು.

ಇನ್ನೊಂದು ಭಯವೂ ಇದೆ. ಅದು ಮಕ್ಕಳ ಮನಸ್ಸಿನೊಳಗಿನದು. ಪರೀಕ್ಷೆಯ ಫಲಿತಾಂಶ ಬಂದ ದಿನ ಮನೆಗೆ ಹೋಗಲು ಹೆದರಿ ಎಲ್ಲಿಗೋ ಹೋದ ಮಕ್ಕಳ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದುತ್ತೇವೆ. ಕೆಲವರು ಮರಳಿ ಬರುವುದೇ ಇಲ್ಲ. ಯಾವ ಅಂಕವೂ ಯಾವ ಪದಕವೂ ಆ ನಷ್ಟಕ್ಕೆ ಸಮವಲ್ಲ. ಸೊನ್ನಲಿಗೆಯ ಸಿದ್ಧರಾಮನು ಬಾಲ್ಯದಲ್ಲಿ ಮಂದಮತಿಯೆನಿಸಿ ದನ ಕಾಯಲು ಹೋದವನು. ಮಲ್ಲಯ್ಯನನ್ನು ಅರಸಿ ಶ್ರೀಶೈಲಕ್ಕೆ ಹೊರಟುಹೋದವನು. ಅವನು ಮರಳಿ ಬಂದು ಕೆರೆ ಕಟ್ಟಿಸಿ ಊರನ್ನೇ ಪುಣ್ಯಕ್ಷೇತ್ರವನ್ನಾಗಿ ಮಾಡಿದನು. ಮನೆಯವರು ದಡ್ಡನೆಂದವನು ಶಿವಯೋಗಿಯಾದನು. ಮಗುವಿನೊಳಗೆ ಏನಿದೆಯೆಂದು ಪೂರ್ತಿಯಾಗಿ ಬಲ್ಲವನು ಶಿವನೊಬ್ಬನೇ ಎಂಬ ವಿನಯವು ತಾಯಿತಂದೆಗಳಿಗೆ ಭೂಷಣ.

ನಿತ್ಯಜೀವನದಲ್ಲಿ ಇದನ್ನು ಆಚರಿಸುವುದು ಕಷ್ಟವಲ್ಲ. ಬೆಳಗಿನ ಲಿಂಗಪೂಜೆಯನ್ನು ಮನೆಯವರೆಲ್ಲರೂ ಕೂಡಿ ಮಾಡಲಿ. ಅದು ಮುಗಿಯುವವರೆಗೆ ಮೊಬೈಲನ್ನು ಹಿರಿಯರೂ ಮುಟ್ಟದಿರಲಿ. ಓದಿಗೊಂದು ಹೊತ್ತು, ಸಾಧನೆಗೊಂದು ಹೊತ್ತು ಎಂದು ಮಗುವಿನೊಡನೆ ಕೂತು ನಿಶ್ಚಯಿಸಿ, ಒಮ್ಮೆ ನಿಶ್ಚಯಿಸಿದ ಮೇಲೆ ಪರೀಕ್ಷೆಯ ನೆಪದಿಂದ ಅದನ್ನು ಕಸಿಯದಿರಲಿ. ಗುರುವನ್ನು ವಿಚಾರಿಸಿ ಆರಿಸಲಿ. ವಿದ್ಯೆಯಷ್ಟೇ ನಡತೆಯನ್ನೂ ನೋಡಲಿ. ತಿಂಗಳಿಗೊಮ್ಮೆಯಾದರೂ ಮಠದ ಶಿವಾನುಭವ ಗೋಷ್ಠಿಯಲ್ಲಿ ಮಗನು ಒಂದು ವಚನವನ್ನು ಹಾಡಲಿ, ಚಿತ್ರಗಾರನು ಜಾತ್ರೆಯ ಮಂಟಪವನ್ನು ಸಿಂಗರಿಸಲಿ, ಓಟಗಾರ್ತಿಯು ಓಣಿಯ ಕಿರಿಯ ಹುಡುಗಿಯರನ್ನು ಜೊತೆಗೆ ಕರೆದೊಯ್ದು ಕಲಿಸಲಿ. ಹಂಚಿದಾಗ ಕಲೆಯು ದಾಸೋಹವಾಗುತ್ತದೆ. ದಾಸೋಹವಾದ ಕಲೆಗೆ ಸೋಲೆಂಬುದಿಲ್ಲ. ಸ್ಪರ್ಧೆಯಲ್ಲಿ ಸೋತು ಬಂದ ದಿನ ತಾಯಿಯು ಪ್ರಶ್ನೆ ಕೇಳದೆ ಬಿಸಿ ರೊಟ್ಟಿಯನ್ನು ಬಡಿಸಲಿ. ಮಾತು ಮರುದಿನಕ್ಕಿರಲಿ.

ಲಿಂಗವನ್ನು ಅಂಗೈಯಲ್ಲಿ ಹಿಡಿಯುವಾಗ ನಾವು ಬಿಗಿಯಾಗಿ ಹಿಸುಕುವುದಿಲ್ಲ, ಜಾರಿಬೀಳುವಂತೆ ಸಡಿಲವಾಗಿಯೂ ಹಿಡಿಯುವುದಿಲ್ಲ. ಮಕ್ಕಳನ್ನು ಹಿಡಿಯಬೇಕಾದ ರೀತಿಯೂ ಅದೇ. ಆ ಹದವನ್ನು ಬಸವಾದಿ ಪ್ರಮಥರು ನಮ್ಮೆಲ್ಲರ ಕೈಗಳಿಗೆ ಕರುಣಿಸಲಿ ಎಂದು ಪ್ರಾರ್ಥಿಸಿ ವಿರಮಿಸುವೆನು.